ನಾನು ತಿದ್ದಿದ ನವಿಲು

ಚಳ್ಳಕೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಎಣ್ಣೆ ಮಿಲ್ಲುಗಳ ಸಾಲಿನಲ್ಲಿದ್ದದ್ದರಿಂದ ಕೀಬೋರ್ಡಿಗೂ ಶೇಂಗಾ ಎಣ್ಣೆಯ ಜಿಡ್ಡು. ಎರಡು ಸಾವಿರದ ಮೂರರ ಆಚೀಚೆ ಊರಿಗೆಲ್ಲ ವಿಂಡೋಸ್ ಇದ್ದಾಗ ನಾನೊಬ್ಬನೇ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡು, ಮಡಿ ಉಟ್ಟವನ ಹಾಗೆ ಕೂತಿದ್ದೆ. ಬಂದವರು ವಿಂಡೋಸ್ ಪರದೆಯ ಚಿತ್ರ ಕಾಣದೆ "ಇದ್ರಾಗೆ ಆ ಹಸಿರು ಗುಡ್ಡ ಯಾಕಿಲ್ಲ?" ಎಂದರೆ, ಗುಡ್ಡ ಬೇಕಾದರೆ ಜಟಿಂಗ ರಾಮೇಶ್ವರಕ್ಕೆ ಹೋಗಿ ಎನ್ನುತ್ತಿದ್ದೆ. ಪಕ್ಕದ ಅಂಗಡಿಯವನು ವೈರಸ್ ಕಾಟಕ್ಕೆ ವಾರಕ್ಕೊಮ್ಮೆ ಕಂಪ್ಯೂಟರ್ ಬಿಚ್ಚಿಕೊಂಡು ಕೂತರೆ ನನಗೆ ಹಬ್ಬ. "ಕದ್ದ ವಿಂಡೋಸ್ ಹಾಕ್ಕೊಂಡ್ರೆ ಹಂಗೇ ಆಗೋದು," ಎನ್ನುತ್ತಿದ್ದೆ. ಅವನು ನನ್ನ ಸ್ಕ್ಯಾನರ್ ಕಡೆ ನೋಡುತ್ತಿದ್ದ. ಲಿನಕ್ಸಿನಲ್ಲಿ ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಸಿಗದೆ ಎರಡು ವರ್ಷದಿಂದ ಅದರ ಮೇಲೆ ಚಹಾದ ಲೋಟ ಇಡುತ್ತಿದ್ದೆ.

ಮಾತಿಗೆ ಸಿಕ್ಕವರಿಗೆಲ್ಲ ಉಪದೇಶ ಬೇರೆ: ಲಿನಕ್ಸನ್ನು ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು, ಬರೆದವರ ಹೆಸರನ್ನು ಮಾತ್ರ ಅಳಿಸಬಾರದು. ಶೇಂಗಾ ಮಂಡಿಯಿಂದ ಬಿಲ್ ಪುಸ್ತಕ ಮಾಡಿಸಲು ಬಂದವರು ಕೂಡ ಇದನ್ನು ಕೇಳಿಸಿಕೊಂಡೇ ಹೋಗಬೇಕಿತ್ತು.

ನನ್ನ ಸೋದರಮಾವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಮಗಳ ಮದುವೆಯ ಸೀರೆಗೆ ತಮ್ಮ ತಾಯಿ, ಅಂದರೆ ನನ್ನ ಅಜ್ಜಿ, ಬರೆದಿದ್ದ ನವಿಲಿನ ಅಂಚನ್ನೇ ಹಾಕಬೇಕೆಂದು ಅವರ ಹಟ. ಅದರ ನಕ್ಷೆ ಇದ್ದದ್ದು ಒಂದೇ ಒಂದು ಗ್ರಾಫ್ ಹಾಳೆಯಲ್ಲಿ. ಕೆಂಪು ಶಾಯಿ ತುಂಬಿದ ಒಂದೊಂದು ಚೌಕ ಒಂದೊಂದು ಎಳೆ. ಹಾಳೆ ಮಡಿಕೆಗಳಲ್ಲಿ ಹರಿದು ಹಪ್ಪಳದಂತಾಗಿತ್ತು. "ಲೇ, ಇದು ಉದುರಿ ಹೋಗೋದ್ರೊಳಗೆ ನಿನ್ ಕಂಪ್ಯೂಟರ್‌ನಾಗೆ ಇಳಿಸ್ಕೊಡು," ಎಂದರು.

ಪಕ್ಕದವನ ಸ್ಕ್ಯಾನರಿನಲ್ಲಿ ಅದು ಐದು ನಿಮಿಷದ ಕೆಲಸ. ಅವನ ಬಾಗಿಲಿಗೆ ನಾನು ಹೋಗುವುದುಂಟೇ? ಮೂರು ವಾರ ಕೂತು, ತುಂಬಿದ ಚೌಕಕ್ಕೊಂದು ನಕ್ಷತ್ರ, ಖಾಲಿ ಚೌಕಕ್ಕೊಂದು ಚುಕ್ಕಿ ಎಂದು ಕುಟ್ಟಿದೆ. ಕೊನೆಗೆ ಎಣಿಸಿದರೆ, ಎರಡೂ ಕಡೆ ಸಮ ಇರಬೇಕಾದ ನವಿಲಿನ ಬಲಭಾಗದಲ್ಲಿ ಎಡಕ್ಕಿಂತ ಒಂದು ನಕ್ಷತ್ರ ಹೆಚ್ಚು. ಪಾಪ, ಓದುಬರಹ ಬಾರದ ಅಜ್ಜಿ, ಎಣಿಕೆ ತಪ್ಪಿದ್ದಾಳೆ ಎಂದುಕೊಂಡೆ. ತಪ್ಪು ಕಂಡರೆ ತಿದ್ದುವುದು ನಮ್ಮ ಲಿನಕ್ಸ್ ಮಂದಿಯ ಧರ್ಮ. ಹೆಚ್ಚಾಗಿರುವುದು ಎಲ್ಲಿ ಎಂದು ಹುಡುಕುವ ಗೋಜಿಗೂ ಹೋಗದೆ, ಎಡಭಾಗವನ್ನೇ ಮಗುಚಿ ಬಲಕ್ಕೆ ಹಾಕುವ ನಾಲ್ಕು ಸಾಲಿನ ಪ್ರೋಗ್ರಾಂ ಮಾಡಿ ಹಳೆಯ ಫೈಲನ್ನು ಅಳಿಸಿ ಅದರ ಮೇಲೆಯೇ ಬರೆಸಿದೆ. ವಿಂಡೋಸ್ ಪ್ರತಿಯೊಂದಕ್ಕೂ "ಖಚಿತವೇ?" ಎಂದು ಕೇಳುತ್ತದೆಂದು ಗೇಲಿ ಮಾಡುತ್ತಿದ್ದವನು ನಾನು. ನನ್ನದು ಏನನ್ನೂ ಕೇಳಲಿಲ್ಲ.

ಆಮೇಲೆ ಹಾಳೆ ಭದ್ರವಾಗಿರಲೆಂದು ಲ್ಯಾಮಿನೇಷನ್ ಯಂತ್ರಕ್ಕೆ ಕೊಟ್ಟೆ. ಅದು ಬಿಸಿ ರೋಲರಿಗೆ ಸುತ್ತಿಕೊಂಡು ಪುಡಿಪುಡಿಯಾಗಿ ಬಂತು. ಫೈಲಿದೆಯಲ್ಲ ಎಂದು ಚೂರುಗಳನ್ನು ಗುಡಿಸಿ ಹಾಕಿದೆ.

ಮೊಳಕಾಲ್ಮೂರಿನಲ್ಲಿ ಮಾವ ನನ್ನ ಪ್ರಿಂಟನ್ನು ಮಗ್ಗದ ಮೇಲೆ ಹರಡಿ, ನವಿಲಿನ ಬಾಲದ ಮೇಲೆ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು.

"ಅವ್ವನ ಚೌಕ ಎಲ್ಲೈತೆ?"

"ಯಾವ ಚೌಕ?"

"ನಕ್ಷೆ ಬರೆದೋರು ಬೇಕಂತ್ಲೇ ಒಂದು ಚೌಕ ತಪ್ಪು ತುಂಬ್ತಾರೆ, ದೃಷ್ಟಿ ತಾಕಬಾರ್ದು ಅಂತ. ಅವ್ವಂಗೆ ಸೈನ್ ಹಾಕಾಕೆ ಬರ್ತಿರ್ಲಿಲ್ಲ. ಅದೇ ಅವಳ ಸೈನು. ಬಲಗಡೆ ಬಾಲದಾಗೆ ಎಲ್ಲೋ ಇತ್ತು. ಹಾಳೆ ಕೊಡು, ನೋಡಾಣ."

ಹಾಳೆಯ ಕಥೆ ಹೇಳಿದೆ. ತಿದ್ದಿದ್ದನ್ನೂ ಹೇಳಿದೆ. ಅತ್ತೆ "ಅಯ್ಯೋ ದೇವುಡಾ" ಎಂದು ಒಳಗೆ ಹೋದರು. ಮಾವ ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು. ಕೆಂಪು ಪೆನ್ನು ನನ್ನ ಕೈಗಿಟ್ಟು, "ಹಂಗಾದ್ರೆ ಇದು ನಿಂದೇ. ಒಂದು ಚೌಕ ತುಂಬು," ಎಂದರು. ನಾಚಿಕೆಗೆ ಕೈ ಏಳಲಿಲ್ಲ. ಹಾಗೇ ಇರಲಿ ಎಂದೆ.

ಹಾಗೇ ನೇಯ್ದರು. ಮದುವೆಯಲ್ಲಿ ಹೆಂಗಸರೆಲ್ಲ ಸೀರೆಯ ಅಂಚನ್ನು ಹಿಡಿದು ಹಿಡಿದು ನೋಡಿದರು. "ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ. ಯಾರು ಬರೆದಿದ್ದು ರೀ ಈ ನಕ್ಷೆ?" ಎಂದು ಒಬ್ಬಾಕೆ ಮಾವನನ್ನು ಕೇಳಿದಳು.

ನಾನು ಪಕ್ಕದಲ್ಲೇ ನಿಂತಿದ್ದೆ.

"ಯಾರೂ ಇಲ್ಲಮ್ಮ," ಎಂದರು ಮಾವ. "ಕಂಪ್ಯೂಟರಿಂದು."