ಊದಿಸುವ ಅಕ್ಕೋರು

ಕಾರವಾರದ ಆಸ್ಪತ್ರೆಯಲ್ಲಿ ಕೊಳವೆ ಊದಿಸಿ ನಮ್ಮ ಶ್ವಾಸಕೋಶದ ಬಲ ಅಳೆಯುತ್ತಿದ್ದವರನ್ನು, ಶಾಲೆಯ ಶಿಕ್ಷಕಿಯರನ್ನು ಕರೆದಂತೆ, ಅಕ್ಕೋರು ಎನ್ನುತ್ತಿದ್ದೆವು. ಬಲೆ ಎಳೆಯುವವರಂತೆ ಕೈಯಾಡಿಸಿ, "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎನ್ನುತ್ತ ನಮ್ಮ ಜೊತೆ ತಾವೂ ಊದುತ್ತಿದ್ದರು.

ಪರೀಕ್ಷೆಗೆ ಮುನ್ನ ಉಬ್ಬಸದ ಪಂಪಿನ ಔಷಧಿ ಎಳೆಯಬಾರದೆಂದು ಅವರ ತಾಕೀತು. ಅಂಕೋಲೆಯಲ್ಲಿ ಮೂವತ್ತು ವರ್ಷ ಕಾಪಿ ಹೊಡೆಯುವವರನ್ನು ಹಿಡಿದ ಮಾಸ್ತರ ನಾನು. ಅದೇ ಪರೀಕ್ಷೆಗೆ ಜೊತೆಗೆ ಬಂದಿದ್ದ ಪಕ್ಕದ ಕೇಣಿ ಊರಿನ ಹಳೆಯ ವಿದ್ಯಾರ್ಥಿಗಳೆದುರು ಕಡಿಮೆ ಅಂಕ ಬರಬಾರದೆಂದು, ಬಸ್‌ಸ್ಟ್ಯಾಂಡಿನಲ್ಲೇ ಕದ್ದು ಎಳೆದುಕೊಂಡು ಹೋದೆ.

ಆ ಔಷಧಿಗೆ ಬೆರಳು ನಡುಗುತ್ತದೆ; ಅದನ್ನು ನೋಡಿಯೇ ಅಕ್ಕೋರು ಹಿಡಿದರು. "ಮಾಸ್ತರ್ರೇ, ಪಂಪ್ ಎಳ್ಕಂಡೇ ಬಂದ್ರಿ ಅಲ್ಲಾ? ಹೀಗೆ ಊದಿದ್ದನ್ನ ನಂಬಿ ಡಾಕ್ಟ್ರು ಔಷಧಿ ಕಮ್ಮಿ ಮಾಡಿದ್ರೆ ಏನ್ ಗತಿ? ನಾಳೆ ಬನ್ನಿ."

ಮರುದಿನ ಪ್ರಾಮಾಣಿಕವಾಗಿ ಊದಿದೆ, ಯಂತ್ರದ ಪರದೆಯ ಗೆರೆ ನೆಲಕಚ್ಚಿತು. ನನಗಿಂತ ಹೆಚ್ಚು ಏದುತ್ತ ಅಕ್ಕೋರು "ಭೇಷ್" ಎಂದರು. ಫೇಲಾದವರಿಗೆ ನಾನೆಂದೂ ಹೇಳದ ಮಾತದು.