ಸ್ಪೇಸ್ ಬಾರಿಗೊಂದು ನೀಲಿ ಸ್ವಿಚ್ಚು

ನನ್ನ ಬಲಗೈಯ ನಡುಬೆರಳು ಒಂದು ದಿನ ಮಡಚಿದ್ದು ಮಡಚಿದ ಹಾಗೇ ನಿಂತುಬಿಟ್ಟಿತು. ಎಡಗೈಯಿಂದ ಹಿಡಿದು ಎಳೆದರೆ ಟಕ್ ಎಂದು ಸಪ್ಪಳ ಮಾಡಿ ನೆಟ್ಟಗಾಯಿತು. ಮರುದಿನವೂ ಅದೇ ಕತೆ. ಸಿಂದಗಿಯ ತಾಲ್ಲೂಕು ಕಚೇರಿ ಎದುರಿಗೆ ಸಣ್ಣ ಅಂಗಡಿಯಲ್ಲಿ ಕೂತು ಮಂದಿಯ ಅರ್ಜಿ ಟೈಪು ಮಾಡುವುದೇ ನನ್ನ ಹೊಟ್ಟೆಪಾಡು. ಇಂಡಿಯಲ್ಲಿ ಟೈಪಿಂಗ್ ಕಲಿಸಿದ ಮಾಸ್ತರು, ಅಕ್ಷರ ಮೂರು ಕಾರ್ಬನ್ ಹಾಳೆ ದಾಟಿ ಮೂಡಬೇಕು ಎನ್ನುತ್ತಿದ್ದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ನಾನು ಗುದ್ದುವುದನ್ನು ಬಿಟ್ಟಿರಲಿಲ್ಲ. ಡಾಕ್ಟರು ಬೆರಳು ನೋಡಿ, ಹಗುರಾಗಿ ಒತ್ತುವುದನ್ನು ಕಲಿಯಿರಿ, ಇಲ್ಲವೇ ಈ ಕೆಲಸ ಬಿಡಿ ಎಂದರು. ಬಿಡಿ ಎನ್ನಲು ಅವರಿಗೇನು ಹೋಗಬೇಕು? ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಹೆದರಿಕೆ ದೊಡ್ಡದಿತ್ತು.

ಮುದ್ದೇಬಿಹಾಳದ ಕಾಲೇಜಿನಲ್ಲಿ ಕಲಿಸುವ ಅಕ್ಕನ ಮಗಳಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. ಅವಳು ಮೆಕ್ಯಾನಿಕಲ್ ಕೀಬೋರ್ಡು ಎಂಬುದೊಂದನ್ನು ಕಳಿಸಿದಳು. ಅದರಲ್ಲಿ ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗು ಇರುವ ಬೇರೆ ಬೇರೆ ಸ್ವಿಚ್ಚು. ಬೇಡವಾದದ್ದನ್ನು ಚಿಮಟದಿಂದ ಕಿತ್ತು ಬೇಕಾದದ್ದನ್ನು ಕೂರಿಸಬಹುದು. ಜೊತೆಗೆ ನೀಲಿ, ಕಂದು, ಕೆಂಪು ಸ್ವಿಚ್ಚುಗಳ ಮೂರು ಪೊಟ್ಟಣ.

ಮೂರನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಹರವಿಕೊಂಡು ಒಂದು ಭಾನುವಾರ ಮಧ್ಯಾಹ್ನವನ್ನೆಲ್ಲ ಕಳೆದೆ. ನೀಲಿ ಒತ್ತಿದರೆ ಬಾಲ್ ಪೆನ್ನಿನ ತುದಿ ಒತ್ತಿದ ಹಾಗೆ ಚಟ್ ಎನ್ನುತ್ತಿತ್ತು. ಕಂದಿಗೆ ಅಷ್ಟು ಬಾಯಿಲ್ಲ. ಅರ್ಧ ದಾರಿಯಲ್ಲಿ ಒಂದು ಸಣ್ಣ ತಡೆ, ಸಜ್ಜಕ ತಿನ್ನುವಾಗ ನಾಲಿಗೆಗೆ ಏಲಕ್ಕಿ ಬೀಜ ಸಿಕ್ಕ ಹಾಗೆ. ಕೆಂಪಿಗೆ ತಡೆಯೂ ಇಲ್ಲ, ಚಟ್ ಎನ್ನುವುದೂ ಇಲ್ಲ, ಸುಮ್ಮನೆ ಇಳಿದು ಸುಮ್ಮನೆ ಏಳುತ್ತದೆ. ಯಾವುದು ಎಷ್ಟು ಹಗುರ ಎಂದು ಬೆರಳಿನ ಮಾತು ಕೇಳಿ ನಂಬುವ ಹಾಗಿರಲಿಲ್ಲ, ಅದಕ್ಕೇ ನೋವು. ಹಾಗಾಗಿ ಕೀಲಿಯ ಮೇಲೆ ಚಹಾದ ಕಾಗದದ ಕಪ್ಪು ಇಟ್ಟು, ಮನಗೂಳಿಯ ಅಣ್ಣ ಕಳಿಸಿದ ಬಿಳಿಜೋಳವನ್ನು ಒಂದೊಂದೇ ಚಮಚ ಹಾಕುತ್ತ ಹೋದೆ. ನೀಲಿ ಹದಿನೈದನೇ ಚಮಚಕ್ಕೆ ಕುಸಿಯಿತು, ಕಂದು ಹದಿಮೂರಕ್ಕೆ, ಕೆಂಪು ಹನ್ನೊಂದಕ್ಕೇ. ನೀರು ಕುಡಿಯಲು ಬಂದ ನಮ್ಮ ಮನೆಯವರು, ಕೀಬೋರ್ಡು ಗಿರಣಿಗೆ ಹೋಗುತ್ತದೋ ಎಂದು ಕೇಳಿ ಹೋದರು. ನಾನು ತಲೆ ಎತ್ತಲಿಲ್ಲ. ಆ ಕುತೂಹಲದಲ್ಲಿ ಬೆರಳಿನ ನೋವೇ ಮರೆತಿತ್ತು.

ಎಲ್ಲ ಕೀಲಿಗೂ ಕೆಂಪು ಹಾಕಿದೆ. ತಿಂಗಳೊಳಗೆ ಬೆರಳು ಸಿಕ್ಕಿಕೊಳ್ಳುವುದು ಕಡಿಮೆಯಾಯಿತು. ಗೆದ್ದೆ ಅಂದುಕೊಂಡೆ. ಆದರೆ ಅಂಗಡಿಗೆ ಬಂದವರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳತೊಡಗಿದರು. ಓದಲು ಬಾರದವರು ಪರದೆ ನೋಡಿ ಏನು ತಿಳಿಯಬೇಕು? ಅವರು ಇಷ್ಟು ವರ್ಷ ಕಿವಿಯಿಂದಲೇ ನನ್ನ ಕೆಲಸ ನೋಡುತ್ತಿದ್ದರು ಎಂಬುದು ನನಗೆ ಆಗ ಹೊಳೆಯಿತು. ಒಬ್ಬ ಕುರಿಗಾರ ಹಿರಿಯರಂತೂ ನೇರವಾಗಿಯೇ ಕೇಳಿದರು.

"ಅಕ್ಕಾರ, ಬರ್ಯಾಕತ್ತೀರೋ, ಸುಮ್ನ ಕೈ ಆಡಸಾಕತ್ತೀರೋ?"

ನಾನು ಎಷ್ಟು ಹೇಳಿದರೂ ಕೇಳದೆ ಎದ್ದು ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಹಳೆಯ ಕೀಬೋರ್ಡು ರೊಟ್ಟಿ ಬಡಿದ ಹಾಗೆ ಬಡಿದುಕೊಳ್ಳುತ್ತಿತ್ತು. ಬೆರಳು ಉಳಿಸಿಕೊಂಡು ಗಿರಾಕಿ ಕಳೆದುಕೊಳ್ಳುವ ಹಣೆಬರಹವೇ ಎಂದು ಅಂದು ಊಟ ಸೇರಲಿಲ್ಲ.

ಪೊಟ್ಟಣದಲ್ಲಿ ಉಳಿದಿದ್ದ ನೀಲಿ ನೋಡಿ ಉಪಾಯ ಹೊಳೆಯಿತು. ಶಬ್ದಗಳ ನಡುವೆ ಜಾಗ ಬಿಡುವ ಸ್ಪೇಸ್ ಬಾರ್ ಒತ್ತುವುದು ಹೆಬ್ಬೆರಳು, ಅದು ಗಟ್ಟಿಮುಟ್ಟಾಗಿದೆ. ಅದರ ಕೆಳಗೆ ಮಾತ್ರ ನೀಲಿ ಸ್ವಿಚ್ಚು ಕೂರಿಸಿದೆ. ಈಗ ಒಂದೊಂದು ಶಬ್ದ ಮುಗಿದಾಗ ಒಂದು ಚಟ್. ತಮಾಷೆಯೆಂದರೆ, ಹಾಳೆಯ ಮೇಲೆ ಏನನ್ನೂ ಬರೆಯದ ಕೀಲಿಯೊಂದೇ ಸಪ್ಪಳ ಮಾಡುತ್ತಿತ್ತು. ಮಂದಿಗೆ ಅಷ್ಟೇ ಸಾಕಾಯಿತು, ಮರುಮಾತಿಲ್ಲದೆ ಕೂರತೊಡಗಿದರು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಅದೇ ವಾರ ದೇವಣಗಾಂವದಿಂದ ಒಬ್ಬ ಮುದುಕಿ ಬಂದಳು. ಹೊಲಕ್ಕೆ ಹೋಗುವ ಕಾಲುದಾರಿಗೆ ಪಕ್ಕದ ಹೊಲದವರು ಮುಳ್ಳುಬೇಲಿ ಹಾಕಿದ್ದಾರೆ, ತೆಗೆಸಿಕೊಡಿ ಎಂದು ಅರ್ಜಿ. ಅವಳು ಒಂದು ಮಾತು ಹೇಳುವುದು, ಕಣ್ಣು ಮುಚ್ಚಿ ಸಪ್ಪಳ ಕೇಳುವುದು, ಆಮೇಲೆ ಮುಂದಿನ ಮಾತು. ಸರ್ವೆ ನಂಬರು ಹೇಳಿದಳು, ಟೈಪು ಮಾಡಿದೆ. ಬೇಲಿ ಹಾಕಿದ್ದು ಯಾವಾಗ ಎಂದು ಹೇಳಿದಳು, ಟೈಪು ಮಾಡಿದೆ. ಅದೇ ದಾರಿಯಲ್ಲಿ ಗಂಡನ ಹೆಣ ಹೊತ್ತು ಒಯ್ದು ಹೊಲದಲ್ಲಿ ಮಣ್ಣು ಮಾಡಿದೆವು, ಅವರ ಗದ್ದುಗೆಗೆ ದೀಪ ಹಚ್ಚಲು ಈಗ ಸುತ್ತು ಹೊಡೆದು ಹೋಗುತ್ತೇನೆ ಎಂದಳು. ಸಾಹೇಬರಿಗೆ ಇದೆಲ್ಲ ಯಾತಕ್ಕೆ? ಅರ್ಜಿ ಒಂದು ಪುಟ ದಾಟಬಾರದು ಎಂಬುದು ನನ್ನ ಹೆಮ್ಮೆ. ಎಂದಿನ ಹಾಗೆ ಆ ಮಾತನ್ನು ಬಿಟ್ಟು, ಮುಂದಿನದಕ್ಕೆ ಕೈ ಎತ್ತಿಕೊಂಡು ಕೂತೆ.

ಮುದುಕಿ ಕಣ್ಣು ಮುಚ್ಚಿಕೊಂಡೇ ಕಿವಿಯನ್ನು ಕೀಬೋರ್ಡಿನತ್ತ ವಾಲಿಸಿದಳು. ಆಮೇಲೆ ಕಣ್ಣು ತೆರೆದಳು.

"ತಂಗಿ, ನಮ್ಮ ಯಜಮಾನ್ರ ಮಾತಿಗೆ ಸಪ್ಪಳ ಬರ್ಲಿಲ್ಲಲ್ಲ."

ಹಳೆಯ ಕೀಬೋರ್ಡಾಗಿದ್ದರೆ ಸಾಹೇಬರಿಗೆ ಬೇಕಾದ ನಾಲ್ಕು ಸಾಲನ್ನು ಧಡಧಡ ಬಡಿದು ಈ ಮಾತನ್ನು ದಾಟಿಬಿಡುತ್ತಿದ್ದೆ, ಅವಳೂ ತನ್ನ ಮಾತು ಅರ್ಜಿಯಲ್ಲಿ ಬಂತೆಂದೇ ನಂಬುತ್ತಿದ್ದಳು. ಅಷ್ಟು ವರ್ಷ ಆ ಬಡಿತದ ಮರೆಯಲ್ಲಿ ಹೀಗೆ ಎಷ್ಟು ಜನರ ಮಾತು ನುಂಗಿದ್ದೇನೋ. ನನಗೆ ನಾಚಿಕೆಯಾಯಿತು.

"ತಪ್ಪಾತು ಆಯಿ. ಇನ್ನೊಮ್ಮೆ ಹೇಳು," ಎಂದೆ.

ಅವಳು ಮೊದಲಿನಿಂದ ಹೇಳಿದಳು. ಹೆಣ ಹೊತ್ತವರು ಯಾರು ಯಾರು, ಬಿಸಿಲು ಎಷ್ಟಿತ್ತು, ದಾರಿಯಲ್ಲಿ ಎಲ್ಲಿ ಇಳಿಸಿ ದಣಿವಾರಿಸಿಕೊಂಡರು, ಎಲ್ಲ. ನಾನು ಒಂದೊಂದು ಶಬ್ದ ಬಾಯಿಬಿಟ್ಟು ಹೇಳುತ್ತ ಟೈಪು ಮಾಡಿದೆ. ಪ್ರತಿ ಚಟ್ ಸಪ್ಪಳಕ್ಕೂ ಅವಳು ಕಣ್ಣು ಮುಚ್ಚಿಯೇ ತಲೆ ಆಡಿಸಿದಳು. ಅರ್ಜಿ ಎರಡನೇ ಪುಟಕ್ಕೆ ಹೋಯಿತು.