ಓನರ್ ಅಂಕಲ್ ಕಾಯ್ದ ಬ್ಯಾಟರಿ

ಮೂರು ವಾರ ಊರಲ್ಲಿ ಇಲ್ಲದೆ ವಾಪಸ್ ಬಂದು ನೋಡಿದರೆ ನನ್ನ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಪುಟ್ಟೇನಹಳ್ಳಿ ಕೆರೆಯ ಹತ್ತಿರದ ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆ. ಅವನು ಬ್ಯಾಟರಿ ಹೊರಗೆ ತೆಗೆದ. ಅದರ ತುದಿಗಳಿಗೆ ಬೂಷ್ಟು ಹಿಡಿದಂತೆ ಬಿಳಿ ಪುಡಿ ಹತ್ತಿತ್ತು. ನನ್ನ ಹತ್ತಿರ ಬಿಸಿನೀರು ಕೇಳಿ ಇಸಿದುಕೊಂಡು ಅದರ ಮೇಲೆ ನಿಧಾನವಾಗಿ ಸುರಿದ. ಹುಳಿಯೂ ತುಕ್ಕೂ ಬೆರೆತಂಥ ಒಂದು ವಾಸನೆ ಎದ್ದಿತು. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬೆರಳ ತುದಿಯಲ್ಲಿ ವ್ಯಾಸಲಿನ್ ಸವರಿದ.

ಆ ವಾಸನೆಗೆ ನನಗೆ ಗಿರಿನಗರದ ಮನೆ ನೆನಪಾಯಿತು. ನಮ್ಮ ಓನರ್ ಅಂಕಲ್ ನೆನಪಾದರು.

ಮದುವೆಯಾದ ಹೊಸತರಲ್ಲಿ ನಾವು ಗಿರಿನಗರದಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಕೆಳಗಿನ ಮನೆಯಲ್ಲಿ ಓನರ್ ಅಂಕಲ್, ಅವರ ಒಬ್ಬನೇ ಮಗ, ಸೊಸೆ. ಅಂಕಲ್‌ರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಂಕಲ್ ಯಾವುದೋ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದರು. ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ಅಡ್ಡಲಾಗಿ ವಿಭೂತಿ ಬಳಿದುಕೊಂಡು ಪೇಪರ್ ಹಿಡಿದು ಕೂತರೆ ಜಾಹೀರಾತನ್ನೂ ಬಿಡದೆ ಓದುವವರು. ಸೊಸೆ ಬನಶಂಕರಿಯ ಒಂದು ಶಾಲೆಯಲ್ಲಿ ಟೀಚರ್. ನನಗಿಂತ ಸ್ವಲ್ಪ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಮಗನದು ಔಷಧಿ ಕಂಪನಿಯ ಕೆಲಸ. ಭುಜಕ್ಕೊಂದು ಕಪ್ಪು ಬ್ಯಾಗ್ ಹಾಕಿಕೊಂಡು ಮೋಟರ್‌ಬೈಕಿನಲ್ಲಿ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಸುತ್ತುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೇಟಿನ ಮುಂದೆ ಬೈಕಿನ ಸದ್ದಾಗುತ್ತಿತ್ತು. ಅಕ್ಕ ಒಲೆ ಮೇಲೆ ಟೀಗೆ ಇಟ್ಟು, ಬಂದು ಗೇಟು ತೆಗೆಯುತ್ತಿದ್ದರು.

ಒಂದು ಮಳೆಗಾಲದಲ್ಲಿ ಆ ಮಗನಿಗೆ ಜ್ವರ ಬಂತು. ನಮ್ಮ ರಸ್ತೆಯಲ್ಲಿ ಆಗ ಮನೆಗೊಬ್ಬರಿಗೆ ಜ್ವರ. ಡೆಂಗ್ಯೂ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಗೆ ನಡೆದುಕೊಂಡೇ ಹೋದವರು ತಿರುಗಿ ಬರಲಿಲ್ಲ... ಅವರ ಬೈಕು ಮಾತ್ರ ಪೋರ್ಟಿಕೋದಲ್ಲಿ, ಹ್ಯಾಂಡಲ್ಲಿಗೆ ನೇತು ಹಾಕಿದ ಹೆಲ್ಮೆಟ್ ಸಮೇತ ನಿಂತುಬಿಟ್ಟಿತು.

ತಿಂಗಳು ಕಳೆದ ಮೇಲೆ ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಮಾತಾಡಿಸಿಕೊಂಡು ಹೋಗಲು ಬಂದ. ಹೋಗುವಾಗ ಬೈಕಿನ ಸೀಟಿನ ಮೇಲಿನ ಧೂಳು ಒರೆಸುತ್ತ, "ಹಿಂಗೆ ನಿಲ್ಸ್ಬೇಡಿ ಸಾರ್. ದಿನಾ ಸ್ಟಾರ್ಟ್ ಮಾಡಿ. ಇಲ್ಲಾಂದ್ರೆ ಬ್ಯಾಟರಿ ಸತ್ತೋಗುತ್ತೆ" ಎಂದ. ಅವನು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ್ದ. ಆದರೆ ಅಂಕಲ್ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಂಕಲ್‌ಗೆ ಬೈಕು ಓಡಿಸಲು ಬರುತ್ತಿರಲಿಲ್ಲ. ಜೀವಮಾನವೆಲ್ಲ ಬಸ್ಸಿನಲ್ಲೇ ಓಡಾಡಿದವರು. ಆ ಮೆಕ್ಯಾನಿಕ್‌ನಿಂದಲೇ ಕೀ ಎಲ್ಲಿ, ಸೆಲ್ಫ್ ಬಟನ್ ಎಲ್ಲಿ ಎಂದು ಕಲಿತುಕೊಂಡರು. ಸಂಜೆ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದು, ಬೈಕಿನ ಪಕ್ಕ ನಿಂತೇ ಬಟನ್ ಒತ್ತುತ್ತಿದ್ದರು. ಒಂದೆರಡು ನಿಮಿಷ ಅದರ ಸದ್ದನ್ನು ಕೇಳಿ, ಆಫ್ ಮಾಡಿ, ಸೀಟಿನ ಮೇಲೊಮ್ಮೆ ಕೈ ಆಡಿಸಿ ಒಳಗೆ ಹೋಗುತ್ತಿದ್ದರು. ಆ ಹೊತ್ತು ಮಗ ಮನೆಗೆ ಬರುತ್ತಿದ್ದ ಹೊತ್ತು ಎಂಬುದನ್ನು ಅವರು ಯೋಚಿಸಿಯೇ ಆರಿಸಿದ್ದರೋ, ಹಾಗೆ ಆಗಿಹೋಗಿತ್ತೋ, ಗೊತ್ತಿಲ್ಲ.

ಒಂದು ದಿನ ನಾನು ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಅಕ್ಕನೂ ಬಂದರು. ಕೆಳಗೆ ಬೈಕು ಸ್ಟಾರ್ಟ್ ಆಯಿತು. ಸೀರೆ ಮಡಿಸುತ್ತಿದ್ದ ಅವರ ಕೈ ಅಲ್ಲೇ ನಿಂತಿತು. ಸದ್ದು ನಿಂತ ಮೇಲೆ ಹೇಳಿದರು:

"ಈ ಸೌಂಡ್ ಕೇಳ್ಬಾರ್ದು ಅಂತಾನೇ ಇವತ್ತು ಮೇಲೆ ಬಂದೆ. ಕೆಳಗಿದ್ರೆ ನನ್ ಕೈ ತಾನಾಗೇ ಟೀಗೆ ಇಟ್ಟುಬಿಡುತ್ತೆ. ಎರಡು ಲೋಟ ನೀರು, ಸಕ್ಕರೆ, ಎಲ್ಲಾ ಹಾಕಿರ್ತೀನಿ. ಕುದ್ದು ಉಕ್ಕೋವಾಗ ಗೊತ್ತಾಗುತ್ತೆ, ಯಾರೂ ಬಂದಿಲ್ಲ ಅಂತ. ಆಮೇಲೆ ಸಿಂಕಿಗೆ ಸುರೀತೀನಿ."

"ಅಂಕಲ್‌ಗೆ ಹೇಳ್ಬಾರ್ದಾ ಅಕ್ಕ?"

"ಹೆಂಗ್ ಹೇಳ್ಲಿ? ಅವರಿಗೆ ಉಳಿದಿರೋದು ಅದೊಂದೇ."

ಅವರಿಬ್ಬರೂ ಆ ದಿನಗಳಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. "ಊಟಕ್ಕೆ ಬನ್ನಿ ಮಾವ", "ಹಾಲು ಬಂತಾ ಅಮ್ಮ" ಎಂಬಷ್ಟಕ್ಕೇ ಮಾತು ಮುಗಿಯುತ್ತಿತ್ತು. ಮಹಡಿಯ ಮೆಟ್ಟಿಲು ಅವರ ಹಜಾರದ ಕಿಟಕಿಯ ಪಕ್ಕದಲ್ಲೇ ಇದ್ದುದರಿಂದ, ಟೀವಿ ಕೂಡ ಹಾಕದ ಆ ಮನೆಯ ಮೌನವನ್ನು ದಾಟಿಕೊಂಡೇ ನಾವು ಹತ್ತಿ ಇಳಿಯಬೇಕಿತ್ತು.

ಹೀಗೆ ಕೆಲವು ತಿಂಗಳು ಹೋಯಿತು. ಒಂದು ಸಂಜೆ ನಾನು ತರಕಾರಿ ಚೀಲ ಹಿಡಿದು ಗೇಟಿನೊಳಗೆ ಬರುವಾಗ ಅಂಕಲ್ ಬೈಕಿನ ಪಕ್ಕ ನಿಂತಿದ್ದರು. ಬಟನ್ ಒತ್ತಿದರೆ ಟಕ್ ಎಂದು ಒಂದು ಸಣ್ಣ ಸದ್ದು. ಮತ್ತೆ ಒತ್ತಿದರು. ಟಕ್. ಮೀಟರಿನ ದೀಪ ಮಂಕಾಗಿ ಹತ್ತಿ ಆರಿತು. ಆ ಗಾಡಿಗೆ ಒದೆಯುವ ಕಿಕ್ಕರ್ ಇರಲಿಲ್ಲ. ಅಂಕಲ್ ಬಟನ್ನಿನಿಂದ ಕೈ ತೆಗೆಯಲೇ ಇಲ್ಲ, ಒತ್ತುತ್ತಲೇ ಇದ್ದರು. ಕೊನೆಗೆ ಅದು ಟಕ್ ಎನ್ನುವುದನ್ನೂ ನಿಲ್ಲಿಸಿತು.

ಅಕ್ಕ ಬಾಗಿಲಿಗೆ ಬಂದರು. ಅಂಕಲ್ ಅವರ ಕಡೆ ತಿರುಗಿ, "ಸತ್ತೋಯ್ತು ಕಣಮ್ಮ" ಎಂದರು.

ಆ ಸದ್ದು ಒಮ್ಮೆ ನಿಂತರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದವರು ಅಕ್ಕ. ಆದರೆ ಆಗ ಚಪ್ಪಲಿ ಮೆಟ್ಟಿಕೊಂಡು ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್‌ನನ್ನು ಅವರೇ ಕರೆದುಕೊಂಡು ಬಂದರು.

ಅವನು ಪಕ್ಕದ ಕವರ್ ಬಿಚ್ಚಿ ನೋಡಿದ. "ಗಾಡಿ ಎಷ್ಟು ದೂರ ಓಡ್ಸ್ತಿದ್ರಿ ಸಾರ್?"

"ಓಡ್ಸಲ್ಲಪ್ಪ. ಇಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ. ನೀನೇ ಹೇಳಿದ್ಯಲ್ಲ."

"ಅಯ್ಯೋ, ಒಂದ್ ರೌಂಡ್ ಹೊಡ್ಕೊಂಡ್ ಬರ್ತಿದ್ದೀರಾ ಅಂದ್ಕೊಂಡೆ ಸಾರ್. ಸ್ಟಾರ್ಟ್ ಮಾಡೋವಾಗ ಬ್ಯಾಟರಿಯಿಂದ ಜಾಸ್ತಿ ಎಳ್ಕೊಳ್ಳುತ್ತೆ. ಅದು ವಾಪಸ್ ತುಂಬ್ಬೇಕು ಅಂದ್ರೆ ಗಾಡಿ ಸ್ವಲ್ಪ ದೂರ ಓಡ್ಬೇಕು. ನಿಂತಲ್ಲೇ ಎರಡು ನಿಮಿಷ ಅಂದ್ರೆ ದಿನಾ ಇಳೀತಾನೇ ಹೋಗಿರುತ್ತೆ."

"ಹಂಗಾದ್ರೆ ನಾನು ಸ್ಟಾರ್ಟ್ ಮಾಡಿ ಮಾಡೀನೇ..."

"ಬಿಡಿ ಸಾರ್, ಹೊಸದು ಹಾಕಿದ್ರಾಯ್ತು" ಎಂದು ಅವನು ಹಳೆಯ ಬ್ಯಾಟರಿ ಬಿಚ್ಚಿಕೊಂಡು ಹೋದ.

ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದೆ. ಅಂಕಲ್ ಪೋರ್ಟಿಕೋದ ಕಟ್ಟೆಯ ಮೇಲೆ ಕುಸಿದು ಕೂತರು. ತಲೆಯೆತ್ತದೆಯೇ ಸೊಸೆಗೆ ಹೇಳಿದರು:

"ಅವನಿಗೂ ಹಂಗೇ ಮಾಡ್ದೆ. ಬರೀ ಜ್ವರ, ಮನೇಲೇ ಇರ್ಲಿ, ಕಷಾಯ ಕುಡಿದ್ರೆ ಹೋಗುತ್ತೆ ಅಂದೆ. ನೀನು ಆಸ್ಪತ್ರೆಗೆ ಹೋಗೋಣ ಅಂದೆ. ನಾನು ಬೇಡ ಅಂದೆ. ಎರಡು ದಿನ ಇಟ್ಕೊಂಡೆ..."

ಅಕ್ಕ ಅವರ ಪಕ್ಕದಲ್ಲಿ ಕೂತರು. "ನಾನೂ ಇಲ್ಲೇ ಇದ್ದೆ ಮಾವ. ಹೋಗ್ಲೇಬೇಕು ಅಂತ ನಾನೂ ಹಟ ಮಾಡ್ಲಿಲ್ಲ."

"ನಿಂಗೆ ನನ್ ಮೇಲೆ ಕೋಪ ಇದೆ. ಇರ್ಬೇಕು. ದಿನಾ ಸಂಜೆ ಟೀ ವಾಸನೆ ಬರೋದು. ಈಗ ತರ್ತೀಯ, ಈಗ ತರ್ತೀಯ ಅಂತ ಕೂತಿರ್ತಿದ್ದೆ. ಒಂದಿನಾನೂ ತರ್ಲಿಲ್ಲ. ಕೊಡೋಕೆ ಮನಸ್ಸಿಲ್ಲ ಇವಳಿಗೆ, ಅಂದ್ಕೊಂಡು ಸುಮ್ನಾದೆ."

ಅಕ್ಕ ಮುಖ ಮುಚ್ಚಿಕೊಂಡು ಅತ್ತರು. ಗಂಡನ ಹೆಣ ಮನೆಗೆ ಬಂದ ದಿನ ಕೂಡ ಹಾಗೆ ಅತ್ತಿರಲಿಲ್ಲ. ಅಳುತ್ತಲೇ, ಆ ಟೀ ಯಾರಿಗಾಗಿ ಕುದಿಯುತ್ತಿತ್ತು, ಆಮೇಲೆ ಎಲ್ಲಿಗೆ ಹೋಗುತ್ತಿತ್ತು ಎಂದು ಹೇಳಿದರು. ಅಂಕಲ್ ಕೇಳುತ್ತಾ ಕೇಳುತ್ತಾ ಸೊಸೆಯ ತಲೆಯ ಮೇಲೆ ಕೈಯಿಟ್ಟರು. ನಾನು ಸದ್ದಾಗದಂತೆ ಮೆಟ್ಟಿಲು ಹತ್ತಿದೆ.

ಮೆಕ್ಯಾನಿಕ್ ಹೊಸ ಬ್ಯಾಟರಿ ತಂದ ದಿನ ಅಕ್ಕ ಅವನ ಕೈಲೇ ಒಂದು ಸಣ್ಣ ಚಾರ್ಜರ್ ಕೂಡ ತರಿಸಿದ್ದರು. ಅಲ್ಲಿಂದ ಮುಂದೆ ಆ ಬೈಕು ಸದ್ದು ಮಾಡಲಿಲ್ಲ. ತಿಂಗಳಿಗೊಂದು ಭಾನುವಾರ ಅಂಕಲ್ ಬ್ಯಾಟರಿ ಬಿಚ್ಚಿ ಒಳಗೆ ತರುತ್ತಿದ್ದರು. ಬಿಚ್ಚುವಾಗ ಮೊದಲು ಮೈನಸ್ ವೈರು, ಆಮೇಲೆ ಪ್ಲಸ್; ಹಾಕುವಾಗ ಮೊದಲು ಪ್ಲಸ್. ಮರೆತುಹೋದೀತೆಂದು ಅದನ್ನು ಬಾಯಲ್ಲಿ ಹೇಳಿಕೊಂಡೇ ಮಾಡುತ್ತಿದ್ದರು. ತುದಿಗಳಿಗೆ ಬಿಳಿ ಪುಡಿ ಕಂಡರೆ ಅಕ್ಕ ಬಿಸಿನೀರು ತಂದು ಸುರಿಯುತ್ತಿದ್ದರು, ಅಂಕಲ್ ಒರೆಸಿ ವ್ಯಾಸಲಿನ್ ಹಚ್ಚುತ್ತಿದ್ದರು. ಹಜಾರದ ಕಿಟಕಿ ತೆರೆದಿಟ್ಟು, ಅದರ ಕೆಳಗೆ ಚಾರ್ಜಿಗೆ ಹಾಕಿ, ಕೆಂಪು ದೀಪ ಹಸಿರಾಗುವವರೆಗೆ ಇಬ್ಬರೂ ಅಲ್ಲೇ ಇರುತ್ತಿದ್ದರು. ಅಕ್ಕ ನೋಟ್ಸ್ ತಿದ್ದುತ್ತಿದ್ದರು. ಅಂಕಲ್ ಪೇಪರ್ ಓದುತ್ತಿದ್ದರು. ಕೆಲವು ಸಲ ಮಗನ ಮಾತು ಬರುತ್ತಿತ್ತು. ಒಂದೆರಡು ಸಲ ಆ ಕಿಟಕಿಯಿಂದ ನಗುವೂ ಕೇಳಿಸಿದ ನೆನಪು...

ಗಾಡಿ ಮಾರಿಬಿಡಿ ಎಂದು ನೆಂಟರು ಹೇಳುತ್ತಿದ್ದರು. ಯಾರೂ ಓಡಿಸದ ಗಾಡಿಗೆ ಬ್ಯಾಟರಿ ಏಕೆ ಎಂದು ನನ್ನ ಗಂಡನೂ ಒಮ್ಮೆ ಕೇಳಿದ್ದರು.

ಮಗ ಹೋದ ಎರಡನೆಯ ವರ್ಷದ ಚಳಿಗಾಲದಲ್ಲಿ ಅಂಕಲ್‌ಗೆ ಕೆಮ್ಮು ಶುರುವಾಯಿತು. ಬೆಳಗ್ಗೆ ಮೈ ಸ್ವಲ್ಪ ಬಿಸಿಯಿದೆ ಅನ್ನಿಸಿದ್ದೇ ತಡ, ಅಕ್ಕ ಶಾಲೆಗೆ ಫೋನ್ ಮಾಡಿ ರಜೆ ಹೇಳಿ, ಆಟೋ ಕರೆಸಿದರು. ಜೊತೆಗೆ ನಾನೂ ಹೋದೆ. ಆಟೋದಲ್ಲಿ ಅಂಕಲ್ ಶಾಲು ಸುತ್ತಿಕೊಂಡು ಕೂತು, "ಒಂದು ಕೆಮ್ಮಿಗೆ ಇಷ್ಟೊಂದಾ ಅಮ್ಮ?" ಎಂದು ನಕ್ಕರು.

"ಸುಮ್ನಿರಿ ಮಾವ. ಈ ಸಲ ನಿಮ್ಮಾತು ಕೇಳಲ್ಲ" ಎಂದರು ಅಕ್ಕ.

ಶ್ವಾಸಕೋಶಕ್ಕೆ ಸೋಂಕು ಇಳಿದಿದೆ ಎಂದರು ಡಾಕ್ಟರು. ಒಳ್ಳೆಯ ಹೊತ್ತಿಗೆ ತಂದಿದ್ದೀರಿ, ಹೆದರಬೇಡಿ ಎಂದರು. ಮೊದಲು ಸುಧಾರಿಸಿದಂತೆ ಕಂಡಿತು. ಅಂಕಲ್ ಗಂಜಿ ಕುಡಿದರು, ಪೇಪರ್ ಕೇಳಿದರು. ಆಮೇಲೆ ಒಂದು ಮಧ್ಯಾಹ್ನ ಉಸಿರು ಏರಿತು. ವಾರ ತುಂಬುವ ಮೊದಲೇ ಅವರೂ ಹೋದರು.

ತುಮಕೂರಿನ ಕಡೆ ಅವರ ಊರಿನಲ್ಲಿ, ಹೆಂಡತಿಯ ಪಕ್ಕದಲ್ಲೇ, ಮಗನ ಪಕ್ಕದಲ್ಲೇ ಮಣ್ಣು ಮಾಡಿದರು. ಕಾರ್ಯವೆಲ್ಲ ಮುಗಿದು ಅಕ್ಕ ಒಬ್ಬರೇ ಗಿರಿನಗರಕ್ಕೆ ವಾಪಸ್ ಬಂದ ದಿನ ನಾನು ಊಟ ತೆಗೆದುಕೊಂಡು ಕೆಳಗೆ ಹೋದೆ. ಅವರು ತಟ್ಟೆ ಮುಟ್ಟಲಿಲ್ಲ.

"ಈ ಸಲ ಒಂದು ಗಂಟೇನೂ ತಡ ಮಾಡ್ಲಿಲ್ಲ ಕಣೇ" ಎಂದರು. "ಆದ್ರೂ ಹೋದ್ರು. ನಮ್ಮನೆಯವರನ್ನೂ ಮೊದಲ ದಿನಾನೇ ಕರ್ಕೊಂಡು ಹೋಗಿದ್ರೂ ಇಷ್ಟೇ ಆಗ್ತಿತ್ತೇನೋ. ಈಗ ಹಂಗನ್ಸುತ್ತೆ. ಇದನ್ನ ಮಾವಂಗೆ ಹೇಳ್ಬೇಕಿತ್ತು... ಈಗ ಯಾರಿಗೆ ಹೇಳ್ಲಿ?"

ನಾನು ತಟ್ಟೆಗೆ ಮುಚ್ಚಳ ಮುಚ್ಚಿ ಅವರ ಪಕ್ಕದಲ್ಲಿ ಕೂತೆ.

ಬೇಸಿಗೆ ರಜೆಯಲ್ಲಿ ಅಕ್ಕ ಮನೆ ಮಾರಿ ತಮ್ಮ ತವರಿನ ಕಡೆ ಹೊರಟರು. ಬೈಕನ್ನು ಗಂಡನ ಚಿಕ್ಕಪ್ಪನ ಮಗನಿಗೆ ಕೊಟ್ಟರು. ಅವನು ಬಟನ್ ಒತ್ತಿದಾಗ ಅದು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. "ಸಖತ್ತಾಗಿ ಇಟ್ಟಿದ್ದೀರಾ ಅತ್ಗೆ" ಎಂದು ಅವನು ಖುಷಿಪಟ್ಟ. ಅಕ್ಕ ತಲೆಯಾಡಿಸಿದರು. ಗಾಡಿ ರಸ್ತೆಯ ತಿರುವು ದಾಟುವವರೆಗೆ ಗೇಟು ಹಿಡಿದು ನಿಂತಿದ್ದರು. ನಾವೂ ಸ್ವಲ್ಪ ದಿನಕ್ಕೆ ಜೆ.ಪಿ. ನಗರಕ್ಕೆ ಮನೆ ಬದಲಾಯಿಸಿದೆವು. ಮೊದಲು ಹಬ್ಬಕ್ಕೆ ಅಕ್ಕನ ಫೋನ್ ಬರುತ್ತಿತ್ತು. ಆಮೇಲೆ ಅವರ ನಂಬರ್ ಬದಲಾಗಿರಬೇಕು. ನಾನು ಮಾಡಿದರೆ ಇನ್ಯಾರೋ ಎತ್ತಿದರು.

ಹೋದ ಭಾನುವಾರ ಗಿರಿನಗರಕ್ಕೆ ಹೋಗಿದ್ದೆ. ಮನೆ ಇನ್ನೂ ಇದೆ. ಪೋರ್ಟಿಕೋಗೆ ಗೋಡೆ ಎಬ್ಬಿಸಿ ರೂಮು ಮಾಡಿದ್ದಾರೆ, ಅದರೊಳಗೆ ಮಕ್ಕಳ ಟ್ಯೂಷನ್ ನಡೆಯುತ್ತಿತ್ತು. ಗೇಟಿನ ಮುಂದೆ ನಾನು ನಿಂತಿದ್ದು ನೋಡಿ ಪಾಠ ಹೇಳುತ್ತಿದ್ದ ಹುಡುಗಿ ಹೊರಗೆ ಬಂದಳು.

"ಯಾರು ಬೇಕಿತ್ತು ಆಂಟಿ?"

ಹೇಳೋಣವೆಂದು ಬಾಯಿ ತೆರೆದೆ. ಅಷ್ಟು ವರ್ಷ ಅಂಕಲ್ ಅಂಕಲ್ ಎಂದೇ ಕರೆದಿದ್ದವಳಿಗೆ ಅವರ ಹೆಸರು ನೆನಪಾಗಲಿಲ್ಲ.

"ಯಾರೂ ಇಲ್ಲಮ್ಮ" ಎಂದು ಹೇಳಿ ಬಂದುಬಿಟ್ಟೆ.